ನೂರಿಪ್ಪತ್ತೇಳು ಹಲ್ಲು

ಬೋಟುಗಳು ದಡ ಹತ್ತಿ ಮೂರು ದಿನ.
ಶಾಫ್ಟು ಬಿಚ್ಚಿ ಹೊತ್ತು ತರುವ ಮಂದಿ ಬರಲಿಕ್ಕೆ
ಇನ್ನೂ ಒಂದು ವಾರ ಉಂಟು.
ಈ ವಾರ ಲೇತಿನದ್ದು, ಅನ್ನುತ್ತಾರೆ ಪೊಕ್ಕರ್ ಮೇಸ್ತ್ರಿ,
ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು
ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾ.
ಬಲಗೈಯಲ್ಲಿ ಮೂರೇ ಬೆರಳಿನವರು
ಫ್ಯೂಸನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಉಪ್ಪಳ. ಊರಿನ ಹೆಸರಲ್ಲೇ ಉಪ್ಪು.
ಸಂಜೆ ಒರೆಸಿಟ್ಟ ಕಬ್ಬಿಣ ಬೆಳಿಗ್ಗೆ ಕೆಂಪು.

ನನ್ನನ್ನು ಕರೆಯುವುದು ಮೋಳೇ ಎಂದು.
ಅವರ ಭಾಷೆಯಲ್ಲಿ ಮಗಳೇ,
ನಮ್ಮದರಲ್ಲಿ ಹೆಚ್ಚುಕಮ್ಮಿ ಮೊಳೆ.
ಎರಡಕ್ಕೂ ಓಗೊಡುತ್ತೇನೆ.

ಎಡಬದಿಯ ಮುಚ್ಚಳ ತೆಗೆದರೆ
ಒಂದು ವರ್ಷ ಅಲ್ಲೇ ಕೂತಿದೆ:
ಕರಿ ಗ್ರೀಸು, ಅದರೊಳಗೆ ಬುಶ್ಶಿನ ಹಿತ್ತಾಳೆ ಸುರುಳಿ,
ಬೀಡಿನ ಹುಡಿ, ಜಿರಳೆಯ ಒಂದು ರೆಕ್ಕೆ.
ಗ್ರೀಸು ಹಾಕಿದ್ದು ನಾನೇ, ಪ್ರೀತಿ ಹೆಚ್ಚಾಗಿ.
ಮೇಸ್ತ್ರಿ ಅದನ್ನು ಬೆರಳಲ್ಲಿ ತೆಗೆದು
ನನ್ನ ಅಂಗೈಗೆ ಉಜ್ಜಿದರು:
"ಮರಳುಕಾಗದ. ಗೊತ್ತಾಯಿತಾ?
ಕೈಕಂಬದ ಅಂಗಡಿಯವನ ಸಾಲದ ಪುಸ್ತಕದ ಹಾಗೆ
ಬಿದ್ದದ್ದು ಒಂದನ್ನೂ ಬಿಡುವುದಿಲ್ಲ ಈ ಗ್ರೀಸು.
ಆಮೇಲೆ ಹಲ್ಲನ್ನೇ ತಿನ್ನುತ್ತದೆ.
ಎಣ್ಣೆ ಹಾಗಲ್ಲ. ಬರುತ್ತದೆ, ಹೋಗುತ್ತದೆ."

ಸೀಮೆಎಣ್ಣೆಯ ತಟ್ಟೆ. ಹಳೆಯ ಟೂತ್‌ಬ್ರಶ್ಶು.
ಸಂದಿಗೆ ಬಿದಿರಿನ ಕಡ್ಡಿ,
ಉಕ್ಕಿನ ಮೊನೆ ಬೇಡ, ಗೀರು ಬೀಳುತ್ತದೆ.
ನನ್ನ ಹಲ್ಲನ್ನು ಇಷ್ಟು ಚಂದ ತಿಕ್ಕಿದ್ದರೆ
ಹೋದ ಆಟಿಯಲ್ಲಿ ದವಡೆ ಊದುತ್ತಿರಲಿಲ್ಲ.

ಎಣಿಸುತ್ತಾ ತಿಕ್ಕುವುದು ನನ್ನ ಚಟ.
ದೊಡ್ಡ ಗೇರಿನಲ್ಲಿ ನೂರಿಪ್ಪತ್ತೇಳು,
ಯಾವ ಮಗ್ಗಿಗೂ ಸಿಗದ ಸಂಖ್ಯೆ.
ಲೇತು ಇಂಚಿನದು, ಬರುವ ಬೋಲ್ಟು ಮಿಲಿಮೀಟರಿನದು.
ನಡುವೆ ಇದು ಕೂತರೆ ಮಾತ್ರ
ಇವನು ಹೇಳಿದ್ದು ಅವನಿಗೆ ತಿಳಿಯುವುದು.
"ನಿನ್ನ ತಾಯಿಯ ಕೆಲಸ ಇದಕ್ಕೆ," ಅನ್ನುತ್ತಾರೆ ಮೇಸ್ತ್ರಿ.
ಅಮ್ಮ ವಿಲೇಜ್ ಆಫೀಸಿನ ಹೊರಗೆ ಕೂತು
ತುಳುವಿನಲ್ಲಿ ಕೇಳಿ, ಬ್ಯಾರಿಯಲ್ಲಿ ಬೈಸಿಕೊಂಡು,
ಮಲಯಾಳದಲ್ಲಿ ಅರ್ಜಿ ಬರೆಯುತ್ತಾಳೆ,
ಹಾಳೆಗೆ ಇಪ್ಪತ್ತು ರೂಪಾಯಿ.
ಅವಳೂ ಯಾವ ಮಗ್ಗಿಗೂ ಸಿಗುವವಳಲ್ಲ.

ತೊಂಬತ್ತೊಂದನೆಯ ಹಲ್ಲು ಹಳದಿ.
ಯಾರೋ ಬ್ರೇಜಿಂಗ್ ಮಾಡಿ, ಅರದಲ್ಲಿ ತೀಡಿ ಕೂರಿಸಿದ್ದು.
ಲೇತು ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದಾಗಲೇ ಇತ್ತಂತೆ.
"ಯಾರು?"
"ಗೊತ್ತಿಲ್ಲ. ಒಳ್ಳೆ ಕೈ."
ಅಲ್ಲಿ ಬ್ರಶ್ಶು ತುಸು ಹಗುರವಾಯಿತು, ಯಾಕೋ.

ಮರಳಿ ಜೋಡಿಸುವಾಗ ಕಾಗದ ಬೇಕು.
ಬುತ್ತಿ ಸುತ್ತಿದ್ದ ಪೇಪರಿನ ಅಂಚು ಹರಿದು
ಎರಡು ಗೇರಿನ ನಡುವೆ ಇಟ್ಟು, ಒತ್ತಿ, ನಟ್ಟು ಬಿಗಿದು
ಕೈಯಲ್ಲಿ ತಿರುಗಿಸಬೇಕು.
ತುಂಡಾಗಿ ಬಂದರೆ ಬಿಗಿ. ಇದ್ದ ಹಾಗೇ ಬಂದರೆ ಸಡಿಲ.
ಮೊದಲನೆಯದು ತುಂಡಾಯಿತು. ಎರಡನೆಯದೂ.
ಮೂರನೆಯದು ಬಂತು ನೋಡಿ,
ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ, ಇಡಿಯಾಗಿ.
ಮೇಸ್ತ್ರಿ ಬೆಳಕಿಗೆ ಹಿಡಿದರು.
ಕನ್ನಡ ಮಾತಾಡುತ್ತಾರೆ, ಓದಲು ಬಾರದು.
"ಏನುಂಟು ಇದರಲ್ಲಿ?"
"ಮಂಗಳವಾರದಿಂದ ಕಾಣೆಯಾಗಿದ್ದು... ಮುಂದಿನದ್ದು ಇಲ್ಲ."
"ಮನುಷ್ಯನಾ, ದನವಾ?"
"ತಿಳಿಯುವುದಿಲ್ಲ."
ಆ ಚೂರನ್ನು ಮಡಚಿ
ಫ್ಯೂಸಿನ ಜೊತೆ ಇಟ್ಟುಕೊಂಡರು.

ಉದ್ದ ಕೊಕ್ಕಿನ ಡಬ್ಬಿ, ತಳ ಒತ್ತಿದರೆ ಒಂದೊಂದು ಹನಿ.
ಗೇರ್‌ಬಾಕ್ಸಿಗೆ ಗಾಜಿನ ಕಣ್ಣು ಅರ್ಧ ತುಂಬುವಷ್ಟು.
ಮುಚ್ಚಳ. ಫ್ಯೂಸು. ಸ್ವಿಚ್ಚು.

ಸ್ಕ್ರೂಡ್ರೈವರಿನ ತುದಿ ಹೆಡ್‌ಸ್ಟಾಕಿಗೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಕೇಳಿ, ಕಣ್ಣು ತೆರೆದು, ನನಗೆ ಕೊಟ್ಟರು.
ಮಳೆ ಇಲ್ಲವಾಯಿತು, ಗೇಟಿನ ರೈಲು ಇಲ್ಲವಾಯಿತು.
ಒಂದೇ ಸಮನೆ ಹರಿಯುವ ಸದ್ದು,
ಅದರೊಳಗೆ ಸುತ್ತಿಗೊಮ್ಮೆ
ಸಣ್ಣಕೆ, ಹಳದಿಯಾಗಿ,
ಟಿಕ್.

"ಹೊಸ ಗೇರು ತರಿಸುವುದಾ?"
"ಬೇಡ ಮೋಳೇ. ನನ್ನ ಕಿವಿಗೆ ಈಗ ಅದೊಂದೇ ಕೇಳುವುದು.
ಅದೂ ನಿಂತರೆ
ಲೇತು ಓಡುತ್ತಾ ಉಂಟು ಅಂತ ನನಗೆ ಹೇಳುವವರು ಯಾರು?
ಹೋಗು, ಎರಡು ಚಾ ಹೇಳು. ಕೈ ತೊಳೆ ಮೊದಲು."